ಮೂರನೇ ವರ್ಷಕ್ಕೆ ಕಿತ್ತ ತೋಟ

…ಅಲ್ಲಲ್ಲ, ಅಲ್ಲಿ ಕಾಲಿಡಬೇಡ ಮಾರಾಯ್ತಿ, ಅದು ನಿನ್ನೆ ಹರಡಿದ ಕಾಫಿ. ಈ ಕಡೆಯಿಂದ ಬಾ. ಹಲಸಿನ ಬುಡದಲ್ಲಿ ಗೋಣಿ ಹಾಕಿದೀನಿ, ಅದರ ಮೇಲೆ ಕೂತ್ಕೊ. ಬ್ಯಾಗು ಇಳಿಸು. ಗದಗದಿಂದ ಇಲ್ಲಿ ತನಕ ಹೊತ್ಕೊಂಡು ಬಂದಿದೀಯ, ಇನ್ನೂ ಹೆಗಲಿಂದ ಇಳಿಸಿಲ್ಲ ಅಂದ್ರೆ ಈಗಲೇ ಎದ್ದು ಹೋಗೋ ಹಾಗೆ ಕಾಣ್ತದೆ. ಇಳಿಸು.

ಕವನಾ? ಹೇಳಿದ್ನಲ್ಲ, ಮೂಡಿಗೆರೆಗೆ ಹೋಗಿದಾಳೆ. ಎಂತದೋ ಆಧಾರ್ ಕಾರ್ಡಿನ ಕೆಲಸ. ಮೂರೂವರೆ ಬಸ್ಸಿಗೆ ಬರ್ತಾಳೆ. ಬಸ್ಸು ಕೆಳಗೆ ತಿರುವಲ್ಲಿ ಹಾರ್ನ್ ಹಾಕ್ತದೆ, ಈ ಕಣಕ್ಕೇ ಕೇಳ್ತದೆ. ನಿಮ್ಮ ಫೋನಿನ ಆಟ ಮುಚ್ಚೋದು ಇವತ್ತು ನಾಲ್ಕಕ್ಕೆ ತಾನೇ? ಹೊತ್ತಿದೆ. ಇಬ್ಬರೂ ಜೊತೇಲಿ ಕೂತು ತೋಟಾನ ಕೊನೇ ಸಲ ನೋಡ್ಬೇಕು ಅಂತ ಮಾತಾಡ್ಕೊಂಡಿದೀರಿ ಅಂದ್ಲು. ನಂಗೆಲ್ಲ ಹೇಳ್ತಾಳೆ ಅವಳು. ಗಾನಶ್ರೀ ಅಂತ ಒಬ್ಬಳಿದಾಳೆ ಅಜ್ಜಿ, ಮುಖ ನೋಡಿಲ್ಲ, ಆಟದೊಳಗೆ ಪಕ್ಕದ ತೋಟದವಳು, ಅಂತ.

ಅವಳ ಫೋನ್ ನಂಬರಾ? ನಂಗೆಲ್ಲಿ ಗೊತ್ತು ಅದೆಲ್ಲ. ಈ ತಿಮ್ಮಮ್ಮನಿಗೆ ಅಕ್ಷರ ಬರಲ್ಲ, ಫೋನು ಹಿಡಿಯೋಕೂ ಬರಲ್ಲ. ನನ್ನ ಮಗ ದೇವೇಂದ್ರನ ಹತ್ರ ಇದ್ದೀತು. ಅವನೂ ಸೊಸೆಯೂ ಆಳುಗಳ ಜೊತೆ ಕೆಳಗಿನ ತೋಟದಲ್ಲಿ ಕೊಯ್ಲಿಗೆ ಹೋಗಿದಾರೆ. ಕಾಫಿ ಕುಡಿ ಮೊದಲು. ಬೆಲ್ಲದ್ದು. ಆರಿ ಹೋದ್ರೆ ಚೆನ್ನಾಗಿರಲ್ಲ.

ಹ್ಞೂ… ಹಾಗೆ.

ಒಂದು ಕೇಳ್ತೀನಿ, ನೀನು ಓದಿದವಳು. ಆ ದೊಡ್ಡ ಕಂಪನಿಯವ್ರಿಗೆ ಎಂತ ಕಮ್ಮಿ ಆಗಿತ್ತು? ಐದು ಜನ ಹುಡುಗ್ರು ಒಂದು ಸಣ್ಣ ಮನೇಲಿ ಕೂತು ಹಸಿರೂರು ಅಂತ ಆಟ ಕಟ್ಟಿದ್ರಂತೆ. ಒಬ್ಬೊಬ್ಬರಿಗೆ ಒಂದೊಂದು ತುಂಡು ಜಾಗ. ಗಿಡ ನೆಡು, ನೀರು ಹಾಕು, ಪಕ್ಕದವರು ಬಂದ್ರೆ ಕೈ ಬೀಸು. ಅಷ್ಟೇ ಆಟ. ಹೊಡೆಯೋದಿಲ್ಲ, ಕೊಲ್ಲೋದಿಲ್ಲ. ಕಾಫಿ ಗಿಡ ಹಾಕಿದ್ರೆ ಹೂ ನೋಡೋಕೆ ನಾಲ್ಕು ವಾರ ಕಾಯ್ಬೇಕಿತ್ತು. ನೆರಳಿಗೆ ಮರ ನೆಟ್ಟವರ ಗಿಡ ಚೆನ್ನಾಗಿ ಬರ್ತಿತ್ತು. ಆ ಐವರಲ್ಲಿ ಒಬ್ಬನಾದ್ರೂ ಕಳಸದ ಕಡೆಯವನು ಇದ್ದಿರಬೇಕು. ಇಲ್ಲದಿದ್ರೆ ನೆರಳಿನ ವಿಷಯ ಯಾರಿಗೆ ಹೊಳೀತದೆ?

ಆಮೇಲೆ ಇವರು ಬಂದ್ರು. ಆ ಐವರ ಆಟಾನ ಇಡಿಯಾಗಿ ಕೊಂಡ್ಕೊಂಡ್ರು. ಕೊಂಡವರು ಮೊದಲು ಮಾಡಿದ್ದೇನು? ನಾಲ್ಕು ವಾರ ತೆಗೆದು ನಾಲ್ಕು ನಿಮಿಷ ಮಾಡಿದ್ರು. ಜನ ಕಾಯಲ್ವಂತೆ. ನೆರಳು ಬೇಡ ಅಂದ್ರು, ಎಲ್ಲ ಗಿಡಕ್ಕೂ ಪೂರ್ತಿ ಬಿಸಿಲೇ ಸಾಕಂತೆ. ಮರ ನೆಟ್ಟವರ ತೋಟದ ಮೇಲೆ ಕೆಂಪು ಗುರುತು ಹಾಕಿದ್ರು. ನೀವೆಲ್ಲ ಕಡಿದ್ರಿ ಮರ. ಕವನಾ ಮಾತ್ರ ಸಾಲು ಬಿಟ್ಟು ಸಾಲಿಗೆ ಬೇವು ನೆಟ್ಕೊಂಡು, ಇಡೀ ಹಸಿರೂರಿಗೆ ಕೊನೇ ನಂಬರಾಗಿ ಕೂತ್ಲು.

ಯಾಕೆ ನಗ್ತೀಯ? ಬಿಸಿಲಿಗೆ ಹಾಕ್ತಾರಾ ಕಾಫೀನ? ಎಲೆ ಸುಟ್ಟು ಹೋಗ್ತದೆ. ತಲೆ ಎತ್ತಿ ನೋಡು ಈ ತೋಟಾನ, ಎಲ್ಲಾದ್ರೂ ಪೂರ್ತಿ ಆಕಾಶ ಕಾಣ್ತದಾ? ಸಿಲ್ವರ್ ಓಕ್ ಮರ, ಹಲಸು, ಅತ್ತಿ… ಆಟದಲ್ಲಾದ್ರೇನು, ಮರ ಕಡಿಯೋಕೆ ಕೈ ಹೇಗೆ ಬರ್ತದೆ ನನ… ಅವಳಿಗೆ. ಇಲ್ಲೇ ಹುಟ್ಟಿ ಬೆಳೆದವಳು.

ಇರು, ಕೋಳಿ ಬಂತು. ಹುಶ್, ಹುಶ್… ಕೆದರಿ ಹಾಕ್ತವೆ ದರಿದ್ರಗಳು. ಆ ಹಲಗೆ ಕೊಡು ಇತ್ತ, ಒಂದು ಸಲ ಎಳೆದು ಬಿಡ್ತೀನಿ. ಒಂದೇ ಕಡೆ ಬಿಸಿಲು ಬಿದ್ರೆ ಬೀಜ ಸೀಳ್ತದೆ.

ಎಲ್ಲಿಗೆ ಬಂದಿದ್ದೆ? ಹ್ಞಾ, ಕಂಪನಿ. ಎಂತ ಮಾತಾಡಿದ್ರು ಆಗ. ನಿಮ್ಮ ಫೋನು ಎಷ್ಟು ಹಳೇದಾದ್ರೂ ನಡೀತದೆ, ಗೆರೆ ಬಿದ್ದಿದ್ರೂ ನಡೀತದೆ, ಆಟ ಫೋನಿನೊಳಗೆ ಇರೋದೇ ಇಲ್ಲ, ನಮ್ಮ ಮನೇಲಿರೋ ಯಂತ್ರದಲ್ಲಿರ್ತದೆ, ನೀವು ಬಂದು ನೋಡಿದ್ರಾಯ್ತು. ಎಷ್ಟು ಒಳ್ಳೆ ಜನ ಅಂತ ಅಂದ್ಕೊಂಡ್ವಿ. ಈಗ ಗೊತ್ತಾಯ್ತು. ನಮ್ಮ ಕೈಯಲ್ಲಿ ಒಂದು ಬೀಜವೂ ಇಲ್ಲ. ಬೇಲಿ ಅವರದ್ದು, ಮಣ್ಣು ಅವರದ್ದು, ಗೇಟಿನ ಬೀಗ ಅವರ ಸೊಂಟದಲ್ಲಿ. ಹಳೇ ಫೋನಿನಲ್ಲಿ ಹಾವು ಮೊಟ್ಟೆ ತಿನ್ನೋ ಆಟ ಇತ್ತಲ್ಲ, ಅದಾದ್ರೂ ಫೋನು ಕೆಡೋ ತನಕ ನಮ್ಮದೇ ಆಗಿತ್ತು. ಇದು ಹಾಗಲ್ಲ. ನಾಲ್ಕು ಗಂಟೆಗೆ ಅವರು ಅಲ್ಲಿ ಬಾಗಿಲು ಎಳ್ಕೊಂಡ್ರೆ, ಇಲ್ಲಿ ನಮ್ಮ ಕೈಯಲ್ಲಿ ಎಲೆ ಕೂಡ ಉಳಿಯಲ್ಲ.

ಯಾಕೆ ಮುಚ್ತಾರೆ ಅಂದ್ರೆ, ಜನ ಸಾಲ್ದಂತೆ. ಕೋಟಿಗಟ್ಟಲೆ ಬರ್ತಾರೆ ಅಂದ್ಕೊಂಡಿದ್ರಂತೆ, ಬಂದಿದ್ದು ಎಂಟು ಲಕ್ಷ. ಎಂಟು ಲಕ್ಷ ಜನ ಸಾಲ್ದು! ನಮ್ಮ ತಾಲ್ಲೂಕಿನ ಕೂಸು ಕುನ್ನಿ ಎಲ್ಲ ಸೇರಿಸಿದ್ರೂ ಅಷ್ಟಾಗಲ್ಲ. ಆ ಎಂಟು ಲಕ್ಷದಲ್ಲಿ ಒಬ್ಬೊಬ್ಬರು ಯಾಕೆ ಬರ್ತಾ ಇದ್ರು ಅಂತ ಯಾರಾದ್ರೂ ಒಂದು ಮಾತು ಕೇಳಿದ್ರಾ?

ಮಲ್ಲಂದೂರಿನ ಕಡೆ ಇಂಥದ್ದೇ ಒಂದು ಆಗಿತ್ತು, ಹೇಳ್ತೀನಿ ಕೇಳು. ಮೂವತ್ತು ವರ್ಷದ ಹಿಂದೆ. ಆಗ ನಮಗಿಲ್ಲಿ ಅರ್ಧ ಎಕರೆ, ಹೊಟ್ಟೆಗೆ ಸಾಲದು, ನಾನು ಕೂಲಿಗೂ ಹೋಗ್ತಿದ್ದೆ. ಹೊರಗಿನ ಊರಿಂದ ಒಬ್ಬ ಸಾಹುಕಾರ ಬಂದು ಎಸ್ಟೇಟ್ ತಗೊಂಡ. ಇಡೀ ಗುಡ್ಡಕ್ಕೆ ಹೊಸ ಗಿಡ ಹಾಕಿಸಿದ. ನಾನೂ ಗುಂಡಿ ತೆಗೆದಿದೀನಿ, ಗಿಡ ಇಟ್ಟಿದೀನಿ. ಮೂರನೇ ವರ್ಷ ಜೀಪಿನಲ್ಲಿ ಬಂದ, ಕಂಕುಳಲ್ಲಿ ನಕ್ಷೆ. ಫಸಲೆಲ್ಲಿ ಅಂತ ಕೇಳಿದ. ಮೇಸ್ತ್ರಿ ಹೇಳಿದ, ಇದು ಕಾಫಿ ಸಾರ್, ಮುಂದಿನ ಮಾರ್ಚಿಗೆ ಸರಿಯಾಗಿ ಹೂ ಬರ್ತದೆ, ನಾಲ್ಕನೇ ವರ್ಷಕ್ಕೆ ಹಣ್ಣು, ಅಂತ. ಅವನು ನಕ್ಷೆ ಬಿಡಿಸಿ ನೋಡಿದ, ಮತ್ತೆ ಸುತ್ತಿದ. ಕಿತ್ತು ಹಾಕಿ ಅಂದ. ಬೇರೆ ಎಂತದೋ ಹಾಕೋ ಯೋಚನೆ ಬಂದಿತ್ತು ಅವನಿಗೆ. ನೆಟ್ಟ ಕೈಯಲ್ಲೇ ಕಿತ್ತೆವು, ಅದಕ್ಕೂ ಕೂಲಿ ಕೊಟ್ಟ. ಒಂದೊಂದು ಗಿಡ ಬರುವಾಗಲೂ ಬೇರಿಗೆ ಮಣ್ಣು ಹಿಡ್ಕೊಂಡು ಬರ್ತಿತ್ತು… ಗಿಣ್ಣುಗಿಣ್ಣಲ್ಲೂ ಮೊಗ್ಗಿನ ಹಸಿರು ಚುಕ್ಕೆ ಕೂತಿತ್ತು ಮಗಾ. ಮೇಸ್ತ್ರಿ ಆ ಕಡೆ ತಿರುಗಿ ನಿಂತ್ಕೊಂಡಿದ್ದ, ನಾವು ಮುಖ ನೋಡಬಾರ್ದು ಅಂತ.

ಈ ಕಂಪನಿಯೂ ಹಾಗೇ. ಮೂರು ವರ್ಷ, ಮೂರು ಜನ ಮ್ಯಾನೇಜರು. ಒಬ್ಬ ಬಂದು ನೆಟ್ಟ, ಒಬ್ಬ ಬಂದು ಅಳೆದ, ಇನ್ನೊಬ್ಬ ಬಂದು ಕಿತ್ತ. ದುಡ್ಡಿಲ್ಲದವರು ಕಿತ್ತರೆ ಪಾಪ ಅನ್ಬಹುದು. ಇವರಿಗೆ ಇದೊಂದು ಗುಡ್ಡ ಇಟ್ಕೊಳ್ಳೋದು ಯಾವ ಭಾರ? ಆಟ ಅಂದ್ರೆ ಅವರಿಗೆ ಹಗುರ ಮಾರಾಯ್ತಿ. ಆಡೋದು ಬಿಟ್ರೆ ಇನ್ನೊಂದು ಆಡ್ತಾರೆ ಬಿಡು ಅಂತ.

ನಾನು ಕಾಗದ ಬರೆಸಿದೆ ಗೊತ್ತಾ? ಬಣಕಲ್‌ನಲ್ಲಿ ಜೆರಾಕ್ಸ್ ಅಂಗಡಿ ದಯಾನಂದ ಇದಾನಲ್ಲ, ಅವನ ಹತ್ರ ಕೂತು ಹೇಳ್ದೆ, ಅವನು ಕಂಪ್ಯೂಟರಿನಲ್ಲಿ ಬರೆದ. ಇನ್ನೊಂದು ವರ್ಷ ಇಡಿ, ಇಲ್ಲಾಂದ್ರೆ ನಮ್ಮ ನಮ್ಮ ತುಂಡನ್ನ ನಮ್ಮ ಫೋನಿಗಾದ್ರೂ ಕೊಟ್ಟುಬಿಡಿ, ನಾವೇ ನೋಡ್ಕೊಳ್ತೀವಿ ಅಂತ. ಕಳಿಸಿ ಒಂದು ನಿಮಿಷ ಆಗಿಲ್ಲ, ಉತ್ತರ ಬಂತು. ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ ಅಂತ. ನಂಗೆ ಎಷ್ಟು ಸಂತೋಷ ಆಯ್ತು ಅಂದ್ರೆ ದಯಾನಂದನಿಗೆ ಎರಡು ಬನ್ಸು ಕೊಡಿಸಿದೆ. ತಿಂದು ಕೈ ಒರೆಸ್ಕೊಂಡು ಆಮೇಲೆ ಹೇಳಿದ, ತಿಮ್ಮಮ್ಮಾರೇ, ಇದನ್ನ ಮನುಷ್ಯರು ಬರ್ದಿದ್ದಲ್ಲ, ಅದಾಗೇ ಬರ್ತದೆ, ಅಂತ. ಬನ್ಸಿಗಿಂತ ಮುಂಚೆ ಹೇಳ್ಬಾರ್ದಿತ್ತಾ ಅವನು.

ಎಂತ? ಮೊಮ್ಮಗಳ ಆಟಕ್ಕೆ ನಾನು ಯಾಕೆ ಇಷ್ಟು ಒದ್ದಾಡ್ತೀನಿ ಅಂತಾನಾ?

ಅದು… ಮಗು ಅಳ್ತಾ ಇತ್ತಲ್ಲ. ಮನೇಲಿ ಮಗು ಅತ್ರೆ ನೋಡ್ಕೊಂಡು ಸುಮ್ನಿರೋಕಾಗ್ತದಾ.

ಕೇಳ್ತಾ? ಹಾರ್ನು. ಮೂರೂವರೆ ಬಸ್ಸು. ಕೂತ್ಕೊ ಕೂತ್ಕೊ, ಎದುರು ಹೋಗೋದು ಬೇಡ. ಅವಳು ಬಂದೇ ಬರ್ತಾಳೆ. ದಾರೀಲಿ ಸಿದ್ದಮ್ಮನ ಮನೆ ಹತ್ರ ಮಾತಿಗೆ ನಿಂತ್ರೆ ಸ್ವಲ್ಪ ತಡ ಆಗ್ಬಹುದು. ನೀನು ಯಾಕೆ ಮತ್ತೆ ಬ್ಯಾಗಿಗೆ ಕೈ ಹಾಕ್ತೀಯ? ಕವನಾ ಬರಲಿಲ್ಲ ಅಂದ್ರೆ ಎಂತ ಈಗ, ನಾನಿಲ್ವಾ? ರಾತ್ರಿಗೆ ಇಲ್ಲೇ ಇರು. ಕಡುಬು ಮಾಡ್ತಾಳೆ ಸೊಸೆ. ಊರಿಗೆ ನಾಳೆ ಹೋದ್ರಾಯ್ತು. ನಾಳೆ ಬೇಡ, ನಾಡಿದ್ದು ಹೋಗು. ಅಲ್ಲಿ ಹೋಗಿ ಮಾಡೋದೇನಿದೆ, ಅಪ್ಪ ಅಂತೂ ನೀನು ಎರಡನೇ ಸಲ ಪರೀಕ್ಷೇಲಿ ಫೇಲಾದಾಗಿಂದ ಮಾತೇ ಬಿಟ್ಟಿದಾರೆ, ತಟ್ಟೆ ಕೂಡ ನೆಲಕ್ಕೆ ಕುಕ್ಕಿ ಇಡ್ತಾರೆ…

ಹ್ಞಾ. ಕವನಾನೇ ಹೇಳಿದ್ದು. ಅವಳಲ್ದೆ ಇನ್ಯಾರು ಹೇಳ್ತಾರೆ?

ಯಾರಿಗೂ ಹೇಳಬೇಡ ಅಂತ ನೀನು ಅಂದಿದ್ದೆ, ಹೌದು. ಅವಳು ಬೇರೆ ಯಾರಿಗೂ ಹೇಳಿಲ್ಲ, ನನ್ನಾಣೆ. ನಂಗೊಬ್ಬಳಿಗೇ. ಪಾಪ, ಅವಳಿಗೂ ತಡ್ಕೊಳ್ಳೋಕಾಗಿರಲ್ಲ ಆ ದಿನ. ನೀನು ಆಟದಲ್ಲಿ ತೋಟದ ಹಿಂದಿನ ಮೂಲೇಲಿ, ಆ ಕಲ್ಲಿನ ಮೇಲೆ, ಬೆನ್ನು ಮಾಡಿ ಕೂತಿದ್ದೆ. ಕೈ ಬೀಸಿದ್ರೆ ತಿರುಗ್ಲಿಲ್ಲ. ಮತ್ತೆ ಬೀಸಿದ್ರೂ ತಿರುಗ್ಲಿಲ್ಲ. ಒಂದು ಗಂಟೆ ಆದ್ಮೇಲೆ ಬರೆದೆ, ನಾಳೆಯಿಂದ ನಾನು ಬರೋದಿಲ್ಲ ಕವನಾ, ಇಲ್ಲಿಗೂ ಇಲ್ಲ, ಎಲ್ಲಿಗೂ ಇಲ್ಲ, ಅಂತ. ಇಲ್ಲಿ ಈ ಕಣದಲ್ಲಿ, ಆಗ ಕಾಫಿ ಇರ್ಲಿಲ್ಲ, ಕಣ ಖಾಲಿ… ಆ ತುದಿಯಿಂದ ಈ ತುದಿಗೆ ಓಡಾಡಿದೆ ನಾನು ಮಗಾ. ನೀನು ಎಲ್ಲಿದೀಯೋ ಯಾವ ಊರಲ್ಲಿದೀಯೋ, ಓಡಿ ಬರೋಣ ಅಂದ್ರೆ ದಾರಿ ಯಾವುದು. ಅದಕ್ಕೇ ಆ ಸಸಿ ಕೊಟ್ಟಿದ್ದು. ನಾಳೆ ನೆಂಟರ ಮನೆಗೆ ಹೋಗ್ತೀನಿ, ಇದಕ್ಕೆ ನೀನು ನೀರು ಹಾಕ್ಬೇಕು, ಒಂದು ದಿನ ತಪ್ಪಿದ್ರೂ ಒಣಗ್ತದೆ, ಅಂತ. ಮಾರನೇ ದಿನ ಜ್ವರ ಅಂತ. ಅದರ ಮಾರನೇ ದಿನ ಕರೆಂಟಿಲ್ಲ ಅಂತ. ನಲವತ್ತು ದಿನ ಒಂದೊಂದು ಸುಳ್ಳು ಹುಡುಕಿ ಹುಡುಕಿ…

ಯಾಕೆ ಲೋಟ ಕೆಳಗಿಟ್ಟೆ?

ಕವನಾ. ಕವನಾ ಹುಡುಕಿದ್ಲು ಅಂದೆ. ಅವಳು ಹೇಳಿದ್ದನ್ನೇ ನಾನು ಹೇಳ್ತಾ ಇರೋದು. ನಾನು ಎದುರಿಗೇ ಕೂತಿದ್ದ ಹಾಗೆ ಹೇಳೋದು ನನ್ನ ಅಭ್ಯಾಸ, ಊರಲ್ಲಿ ಯಾರನ್ನ ಬೇಕಾದ್ರೂ ಕೇಳು.

ಹಾಗೆ ನೋಡಬೇಡ ನನ್ನ. ಆ ಫೋನಲ್ಲಿ ಎಂತ ಒತ್ತುತಾ ಇದೀಯ? ಊರಿಗೆ ಬಸ್ಸು ನೋಡ್ತೀಯಾ? ಇಲ್ಲ… ಅದು ಹಸಿರೂರು. ಆಟದೊಳಗಿನ ನಿನ್ನ ಹುಡುಗಿ ನಡೀತಾ ಇದಾಳೆ. ಕೆರೆ ದಾಟಿದ್ಲು. ಗಾನಶ್ರೀ, ಆ ಕಡೆ ಹೋಗಬೇಡ. ಕವನಾ ಬರಲಿ, ಆಮೇಲೆ ಹೋಗುವಿಯಂತೆ. ಕವನಾ ತೋಟದ ಗೇಟು ಮುಟ್ಟಬೇಡ ಮಗಾ, ಕೈ ಮುಗೀತೀನಿ—

…

ಕೇಳಿಸ್ತಲ್ಲ. ಗೇಟಿನ ಗಂಟೆ. ನನ್ನ ಎಲೆಅಡಿಕೆ ಚೀಲದೊಳಗಿಂದ. ಈಗ ಒಳಗಿರೋ ಫೋನು ಹೇಳ್ತದೆ ನೋಡು, ನಂಗೆ ಓದೋಕೆ ಬರಲ್ವಲ್ಲ, ಅದೇ ಓದಿ ಹೇಳ್ತದೆ… ಗಾನಶ್ರೀ ನಿಮ್ಮ ಗೇಟಿನ ಹತ್ರ ಬಂದಿದಾರೆ, ಅಂತ. ಕೇಳ್ತಾ? ದಿನಾ ನಾಲ್ಕು ಗಂಟೆಗೆ ಆ ಮಾತಿಗೇ ಕಾಯ್ಕೊಂಡು ಕೂರ್ತಿದ್ದೆ ನಾನು.

ಕವನಾ ಮೂಡಿಗೆರೆಗೆ ಹೋಗಿಲ್ಲ. ಹಾಸನದಲ್ಲಿ ನರ್ಸಿಂಗ್ ಓದ್ತಾ ಇದಾಳೆ. ಹೋಗುವಾಗ ಈ ಹಳೇ ಫೋನು ಬಿಸಾಕಿ ಹೋದ್ಲು, ಬೇಕಾದ್ರೆ ನೀನೇ ಆಡ್ಕೊ ಅಜ್ಜಿ ಅಂತ. ಮಾತಾಡಿದ್ರೆ ಅದೇ ಬರ್ಕೊಳ್ತದೆ ಅಂತ ತೋರಿಸಿ ಕೊಟ್ಲು. ಹೆಸರು ಬದಲಾಯಿಸೋಕೆ ನಂಗೆ ಬರ್ಲಿಲ್ಲ, ಅದು ಕವನಾ ಅಂತಲೇ ಉಳೀತು. ನೀನು ಬಂದಿದ್ದು ಅದಕ್ಕೂ ಎಷ್ಟೋ ತಿಂಗಳ ಮೇಲೆ. ಅವಳಿಗೆ ನಿನ್ನ ಹೆಸರೂ ಗೊತ್ತಿಲ್ಲ ಮಗಾ. ಇಷ್ಟು ದಿನವೂ ನಿನ್ನ ಜೊತೆ ಮಾತಾಡಿದ್ದು ಈ ಮುದುಕಿ.

ಹೇಳ್ಬೇಕು ಅಂತ ಎಷ್ಟು ಸಲ ಬಾಯಿಗೆ ಬಂದಿತ್ತು. ನಾನು ನಿನ್ನ ವಯಸ್ಸಿನವಳು ಅಂತ ಅಂದ್ಕೊಂಡು ನೀನು ಎಲ್ಲ ಹೇಳ್ಕೊಳ್ತಿದ್ದೆ. ಎಪ್ಪತ್ತೊಂದು ವರ್ಷದ ಮುದುಕಿ ಅಂದ್ರೆ ಇನ್ನೊಂದು ಮಾತಾಡ್ತಿದ್ಯಾ? ಮಾತು ನಿಂತ್ರೆ ಆ ಕಲ್ಲಿನ ಮೇಲೆ ಮತ್ತೆ ಹೋಗಿ ಕೂತ್ಕೊಂಡ್ರೆ? ಹೆದರಿಕೆ ನಂಗೆ. ಮತ್ತೆ… ಪೂರ್ತಿ ನಿನಗೋಸ್ಕರ ಅಂತ ಹೇಳಿದ್ರೆ ಅದೂ ಸುಳ್ಳೇ. ಈ ಮೂರು ಎಕರೆಯಲ್ಲಿ ನಾನು ನೆಡದ ಗಿಡ ಇಲ್ಲ, ಆದ್ರೆ ಯಾವ ಮರ ಎಲ್ಲಿರಬೇಕು ಅಂತ ನನ್ನ ಕೇಳಿದವರೂ ಇಲ್ಲ. ಮೊದಲು ನಮ್ಮ ಯಜಮಾನ್ರು ಹೇಳಿದ ಹಾಗೆ, ಆಮೇಲೆ ಮಗ ಹೇಳಿದ ಹಾಗೆ. ಆ ಫೋನಿನ ತುಂಡು ಜಾಗದಲ್ಲಿ ಬೇವು ಎಲ್ಲಿ ಬೇಕು ಅಂತ ನಾನು ಹೇಳ್ದೆ. ಕೆಂಪು ಗುರುತು ಹಾಕಿದ್ರೂ ಕಡೀಲಿಲ್ಲ. ಅದರ ನೆರಳಿಗೆ ನೀನೊಬ್ಬಳು ಬಂದು ಕೂರ್ತಿದ್ದೆ.

ಹೋದ ವಾರ ನೀನು ಬರೆದೆಯಲ್ಲ, ಆಟ ಮುಗಿದ ಮೇಲೆ ನಂಗೂ ಎಂತ ಉಳೀತದೆ ಅಂತ. ಅದಕ್ಕೇ ಈ ಊರು, ಈ ಕಣ, ಈ ಹಲಸಿನ ಮರ ಎಲ್ಲ ಹೇಳಿ ಬಾ ಅಂದೆ. ಸಿಕ್ಕಿ ಬೀಳ್ತೀನಿ ಅಂತ ಗೊತ್ತಿತ್ತು. ಬಂದ ಮೇಲೆ ಧೈರ್ಯ ಆಗ್ಲಿಲ್ಲ. ಕಂಪನೀನ ಬೈದ್ಕೊಂಡು ಹೊತ್ತು ಕಳೆದೆ. ಅವರು ಬಾಗಿಲು ಹಾಕಿ ಹೋಗ್ತಾರೆ, ಅವರಿಗೆ ನಿನ್ನ ಮುಖ ಗೊತ್ತಿಲ್ಲ. ನಂಗೆ ಗೊತ್ತಾಗಿ ಹೋಯ್ತಲ್ಲ. ನಾನು ಏನ್ ಮಾಡ್ಲಿ ಹೇಳು.

ಬೈ ಬೇಕಾದ್ರೆ. ಮುದುಕಿ ಮೋಸ ಮಾಡಿದ್ಲು ಅನ್ನು.

ನಾಲ್ಕಾಯ್ತಾ? ತೋರಿಸು… ಬೆಳ್ಳಗಾಗ್ತಾ ಇದೆ. ಮೊದಲು ಆಕಾಶ ಹೋಯ್ತು. ಬೇವು ಇನ್ನೂ ಇದೆ. ನಿನ್ನ ಹುಡುಗಿ ಗೇಟಲ್ಲೇ ನಿಂತಿದಾಳೆ, ನಂಗೆ ಒಳಗೆ ಕರೆಯೋಕೂ ಆಗ್ಲಿಲ್ಲ… ಹೋಯ್ತು. ಎರಡೂ ಫೋನು ಹೋಯ್ತು. ಧನ್ಯವಾದ ಅಂತೆ. ಕೇಳ್ತಾ? ಧನ್ಯವಾದ ಅಂತ ಓದ್ತಾ ಇದೆ.

ಎಲ್ಲಿಗೆ ಎದ್ದೆ? ಗಾನಶ್ರೀ. ಆ ಕಡೆ ರಸ್ತೆ ಇಲ್ಲ, ತೋಟ. ಮಗಾ, ನಿಲ್ಲು. ನನ್ನ ಮಂಡಿ ಹಿಡ್ಕೊಂಡಿದೆ, ಓಡೋಕಾಗಲ್ಲ ನಂಗೆ. ಒಂದು ಮಾತು ಹೇಳಿ ಹೋಗು, ಎಲ್ಲಿಗೆ ಅಂತ…

ಓ. ಅಲ್ಲಿಗಾ.

ಅದು ನರ್ಸರಿ. ಹೋದ ವರ್ಷದ ಸಸಿ, ಮಾರಿ ಉಳಿದಿದ್ದು. ಒಂದಿಪ್ಪತ್ತು ಪೊಟ್ಟಣ ಇರ್ಬೇಕು. ಬೆಳಗ್ಗೆಯಿಂದ ನೀರು ಹಾಕಿಲ್ಲ ನಾನು, ನಿನ್ನ ದಾರಿ ಕಾಯ್ತಾ ಮರ್ತೇ ಹೋಯ್ತು. ಕೊಡ ಅಲ್ಲೇ ತೊಟ್ಟಿ ಪಕ್ಕದಲ್ಲಿದೆ. ನೆರಳಿನ ಬಲೆ ಸರಿಸಬೇಡ. ಮತ್ತೆ ಎಲೆ ಮೇಲೆ ಸುರೀಬೇಡ, ಬುಡಕ್ಕೆ…

ಹ್ಞೂ. ಗೊತ್ತಿದೆ ನಿಂಗೆ.

ನಿಧಾನಕ್ಕೆ ಹಾಕು. ನಾಳೆಗೂ ಇದಾವೆ ಅವು.